ಮುಚ್ಚಳದ ಮೇಲಿನ ಅಂಕಿ

ಟೈಮಿಂಗ್ ಬೆಲ್ಟಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಅಂಕಿ ಕಂಡು ಮೆಕ್ಯಾನಿಕ್ ಜೊಲ್ಚುವಿನ ಕೈ ನಿಂತುಹೋಯಿತು. 2,10,000. ಈ ಗ್ಯಾರೇಜಿನಲ್ಲಿ ಹೊಸ ಬೆಲ್ಟು ಹಾಕಿದಾಗಲೆಲ್ಲ ಅಣ್ಣ ಎಸೆನ್ ಕಾರು ಅಲ್ಲಿಯವರೆಗೆ ಓಡಿದ ಕಿಲೋಮೀಟರನ್ನು ಹೀಗೆ ಬರೆದಿಡುತ್ತಿದ್ದ. ಅಣ್ಣ ಸತ್ತ ವರ್ಷ ಈ ಕಾರು ಮಾರಾಟಕ್ಕೆ ಬಂದಾಗ, ಮೂರು ಲಕ್ಷ ದಾಟಿದ್ದ ಮೀಟರನ್ನು ಅರವತ್ತು ಸಾವಿರಕ್ಕೆ ತಿರುಗಿಸಿಕೊಟ್ಟವನು ಜೊಲ್ಚುವೇ. ಮುಚ್ಚಳ ಒರೆಸುವುದನ್ನು ಮರೆತಿದ್ದ.

“ಮೀಟರ್ ತೊಂಬತ್ತು ಸಾವಿರ ತೋರಿಸ್ತಿದೆ. ಬೆಲ್ಟು ಬದಲಿಸೋದು ಲಕ್ಷಕ್ಕೆ ತಾನೆ? ಮೊಮ್ಮಕ್ಕಳನ್ನ ದೊಲೋನ್ ಘಾಟಿ ದಾಟಿಸಿ ಬಂದ್ಮೇಲೆ ಹಾಕಿಸಿದ್ರಾಯ್ತು ಬಿಡು,” ಎಂದಳು ಕಾರಿನೊಡತಿ ಬುರುಲ್ಚಾ. ಹಿಂದಿನ ಸೀಟಿನಲ್ಲಿ ಮೂರು ಮಕ್ಕಳು ಒಂದೇ ರೊಟ್ಟಿ ಹರಿದು ತಿನ್ನುತ್ತಿದ್ದವು. ನಿಜಕ್ಕೆ ಈ ಬೆಲ್ಟು ಆಗಲೇ ಒಂದು ಲಕ್ಷ ಇಪ್ಪತ್ತು ಸಾವಿರ ದಾಟಿತ್ತು. ಅದು ತುಂಡಾದರೆ ಎಂಜಿನ್ ಘಾಟಿಯ ನಡುವೆಯೇ ಸಾಯುತ್ತದೆ.

ಜೊಲ್ಚು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಅಂಕಿಯ ಮೇಲಿಟ್ಟು ಉಜ್ಜಿದ. ಒಂದು ಸೊನ್ನೆ ಅಳಿಸಿಹೋಯಿತು. ಉಳಿದವು ಅಣ್ಣನ ಹಾಗೆಯೇ, ಬೈಯದೆ, ಅವನನ್ನೇ ನೋಡುತ್ತಿದ್ದವು.

“ಅದ್ಯಾರ ಬರಹ ಮಾರಾಯ?” ಬುರುಲ್ಚಾ ಬಗ್ಗಿ ನೋಡಿದಳು.

“ನಮ್ಮಣ್ಣಂದು.”

“ಹಾಗಾದ್ರೆ ಅವನನ್ನೇ ಒಂದ್ಮಾತು ಕೇಳು. ನಿನ್ನ ಮುಖ ನೋಡಿದ್ರೆ ನಂಗ್ಯಾಕೋ ನಂಬಿಕೆ ಬರ್ತಿಲ್ಲ.”

ಅವನು ಬಟ್ಟೆ ಕೆಳಗಿಟ್ಟು ಸ್ಪ್ಯಾನರ್ ಎತ್ತಿಕೊಂಡ.

“ಕೇಳಿದೆ ಅಕ್ಕಾ. ಮೊದ್ಲು ಮಕ್ಕಳನ್ನ ಕೆಳಗಿಳಿಸು ಅಂತಿದಾನೆ.”