ತಂತಿಯ ಮೇಲಿನ ಬಿಳಿ ಫ್ರಾಕ್

ಇಸ್ತ್ರಿ ಗಾಡಿಯ ಇದ್ದಿಲ ವಾಸನೆ ಬಂದರೆ ಇಂದಿಗೂ ನನಗೆ ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್ ನೆನಪಾಗುತ್ತದೆ. ಅಲ್ಲಿ ಕಲ್ಲಿದ್ದಲಿನ ಎಂಜಿನ್ ಕೂಗಿದರೆ ಸಾಕು, ಮಸಿ ಉದುರುವ ಮುಂಚೆ ಹೆಂಗಸರು ಒಣಹಾಕಿದ ಬಟ್ಟೆ ಎತ್ತುತ್ತಿದ್ದರು.

ನಾನು ಚಿಕ್ಕವಳಿದ್ದಾಗ ಒಂದು ದಿನ; ಮರುದಿನ ಕಾನ್ವೆಂಟಿನಲ್ಲಿ ಪ್ರೈಜ್ ಡೇ. ನನಗಿದ್ದ ಒಂದೇ ಬಿಳಿ ಫ್ರಾಕ್ ತಂತಿಯ ಮೇಲಿತ್ತು. ಅಮ್ಮ ಸಂತೆಗೆ ಹೋಗಿದ್ದಳು. ನಾನು ಶಾಲೆಯಲ್ಲಿ ಕಾಯರ್ ಹಾಡಿನ ಪ್ರಾಕ್ಟೀಸ್ ಮುಗಿಸಿ ಬರುವಾಗಲೇ ಎಂಜಿನ್ ಕೂಗಿತು. ಓಡಿಬಂದರೆ ತಂತಿ ಖಾಲಿ.

ಪಕ್ಕದ ಮನೆಯ ರಂಗತ್ತೆ ಫ್ರಾಕನ್ನು ಯಾವಾಗಲೂ ತಾವು ಮಾಡುವಂತೆ ತೋಳು ಒಳಗೆ ಸೇರಿಸಿ ನೀಟಾಗಿ ಮಡಿಸಿಕೊಂಡು ಬಂದರು. ನಲ್ಲಿಯಲ್ಲಿ ಯಾರ ಕೊಡ ಮೊದಲು ಎಂಬ ಜಗಳದಲ್ಲಿ ಅವರೂ ಅಮ್ಮನೂ ತಿಂಗಳಿಂದ ಮಾತು ಬಿಟ್ಟಿದ್ದರು.

“ಮಾತು ಬಿಟ್ಟಿರೋದು ನಿಮ್ಮಮ್ಮನ ಹತ್ರ ಕಣೇ, ನಿನ್ ಫ್ರಾಕ್ ಹತ್ರ ಅಲ್ಲ. ನಾನ್ ಎತ್ತಿಟ್ಟೆ ಅಂತ ಹೇಳ್ಬೇಡ.”

ನಾನು ಹೇಳಲಿಲ್ಲ. ಅಮ್ಮ ಬಂದು ಫ್ರಾಕಿನ ಮಡಿಕೆಯನ್ನೇ ಸ್ವಲ್ಪ ಹೊತ್ತು ನೋಡಿದಳು. ಸಂಜೆ ನೀರು ಬಂದಾಗ ತನ್ನ ಕೊಡ ಸರಿಸಿ, ರಂಗತ್ತೆಯ ಕೊಡವನ್ನು ನಲ್ಲಿಯ ಕೆಳಗಿಟ್ಟಳು.