ಮಂಗನಕೋಡಿನ ಚಟ್ನಿ

ಡೊಂಬಯ್ಯ ನಾಲ್ಕನೆಯ ಸಲ ಅನ್ನಕ್ಕೆ ಕೈ ತೋರಿಸಿದಾಗ ಅಡಿಗೆಮನೆಯಲ್ಲಿ ಜಲಜಾಕ್ಷಿ ತಪಲೆಯ ತಳ ಕೆರೆಯುವ ಸದ್ದು ಕೇಳಿಸಿತು. ಅವಳ ಗಂಡ, ಹೋಟೆಲಿನ ಧಣಿ ಕಮಲಾಕ್ಷ ಮತ್ತೆ ಬಡಿಸಿದ. ಬಿ.ಸಿ.ರೋಡಿನ ಆ ಊಟದ ಹೋಟೆಲಿನಲ್ಲಿ ಎಲೆಯ ಮುಂದೆ ಕೂತವನಿಗೆ ಇಲ್ಲ ಅನ್ನಬಾರದು, ಸಾಕು ಎಂಬ ಮಾತು ಉಣ್ಣುವವನ ಬಾಯಿಂದಲೇ ಬರಬೇಕು ಎಂಬುದು ಅವನ ಅಪ್ಪ ಹಾಕಿಕೊಟ್ಟ ಪದ್ಧತಿ. ಆದರೆ ಅಪ್ಪನ ಕಾಲದಲ್ಲಿ ಅಕ್ಕಿಗೆ ಇಂಥ ತತ್ವಾರ ಇರಲಿಲ್ಲ. ಅರುವತ್ತೈದನೆಯ ಇಸವಿ, ಕುಚ್ಚಲಕ್ಕಿ ರೇಷನ್ ಕಾರ್ಡಿಗೆ ಅಳೆದು ಸಿಗುತ್ತಿತ್ತು. ಲಾರಿಗೆ ಹೆಂಚು ತುಂಬುವ ಡೊಂಬಯ್ಯನ ಹೊಟ್ಟೆಗೆ ಮಾತ್ರ ಅಳತೆ ಎಂಬುದೇ ಇರಲಿಲ್ಲ.

ಬಳ್ಳಾರಿ ಕಡೆಯಿಂದ ನೀರುಳ್ಳಿ ತರುವ ಲಾರಿಯ ಉಮ್ಮರ್ ಇದನ್ನೆಲ್ಲ ನೋಡಿದ್ದ. ಮುಂದಿನ ಸಲ ಬಂದಾಗ ಗೋಣಿಚೀಲದ ತುಂಡಿನಲ್ಲಿ ಸುತ್ತಿದ ಏನನ್ನೋ ಮೇಜಿನ ಮೇಲಿಟ್ಟ. ಎಲೆಯಿಲ್ಲದ, ಬೆರಳು ಗಾತ್ರದ, ನಾಲ್ಕು ಏಣಿನ ಹಸಿರು ಕಡ್ಡಿಗಳು.

“ಮಂಗನಕೋಡು ಅಂತ ಹೆಸರು, ಕಮಲಾಕ್ಷಣ್ಣ. ಅಲ್ಲಿ ಕುರಿ ಕಾಯುವವರು ಬೆಳಿಗ್ಗೆ ಇದನ್ನು ಅಗಿದುಕೊಂಡು ಹೋದರೆ ಸಂಜೆಯವರೆಗೆ ಹಸಿವೆಯೇ ಆಗುವುದಿಲ್ಲವಂತೆ.”

“ಮಂಗನಿಗೆ ಕೋಡು ಎಲ್ಲಿ ಉಂಟು ಮಾರಾಯ?”

“ಅದಕ್ಕೇ ಅಲ್ವಾ ಇದು ಇಷ್ಟು ಅಪರೂಪ! ಬಂಡೆಯ ಸಂದಿಯಲ್ಲಿ ಹುಡುಕಿ ಹುಡುಕಿ ಸಾಕಾಯಿತು.”

ಕಮಲಾಕ್ಷ ಅವನ್ನು ಹಿತ್ತಿಲ ಕೆಂಪು ಮಣ್ಣಿನಲ್ಲಿ ಊರಿದ. ಆಟಿ ತಿಂಗಳ ಮಳೆಗೆ ಎಲ್ಲ ಕೊಳೆತು ಲೋಳೆಯಾಯಿತು. ಅವನಿಗೆ ಹಟ ಹುಟ್ಟಿತು. ಉಮ್ಮರನಿಂದ ಇನ್ನೊಮ್ಮೆ ತರಿಸಿ, ನೇತ್ರಾವತಿ ಹೊಳೆಯ ಹೊಯ್ಗೆಗೆ ಹೆಂಚಿನ ಚೂರು ಬೆರೆಸಿ, ಒಡಕು ಮಡಕೆಯಲ್ಲಿ ನೆಟ್ಟು, ಒಲೆಯ ಬಿಸಿ ತಾಗುವ ಗೋಡೆಯ ಹೊರಗೆ ಹನಿ ತಾಗದಂತೆ ಮಾಡಿನಡಿ ಇಟ್ಟ. ಊರೆಲ್ಲ ನೀರಲ್ಲಿ ನೆನೆಯುತ್ತಿರುವಾಗ ಒಂದು ಗಿಡವನ್ನು ಬಾಯಾರಿಸಿ ಸಾಕುವುದು ಸಣ್ಣ ಕೆಲಸವೇ? ಗಾಳಿ ತಿರುಗಿದರೆ ಮಡಕೆಯನ್ನೂ ತಿರುಗಿಸುತ್ತಿದ್ದ. “ಮಕ್ಕಳನ್ನೂ ನೀವು ಇಷ್ಟು ಚಂದ ನೋಡಿಕೊಳ್ಳಲಿಲ್ಲ” ಎಂದು ಜಲಜಾಕ್ಷಿ ನಕ್ಕಳು. ಗಿಡ ಬದುಕಿತು, ಕವಲೊಡೆಯಿತು. ಒಂದು ದಿನ ನಕ್ಷತ್ರದಂಥ ಮಾಸಲು ನೇರಳೆ ಹೂವನ್ನೂ ಬಿಟ್ಟಿತು. ನೊಣಕ್ಕೆ ಮಾತ್ರ ಇಷ್ಟವಾಗುವ ವಾಸನೆ ಅದರದ್ದು.

ಬೇಸಗೆಗೆ ಗಿಡ ಮಡಕೆ ತುಂಬಿತು. ಕಮಲಾಕ್ಷ ಮೊದಲು ತಾನೇ ಒಂದು ಕಡ್ಡಿ ಅಗಿದ. ಕಹಿ, ಹಿಂದಿನಿಂದ ಸ್ವಲ್ಪ ಹುಳಿ. ಮಧ್ಯಾಹ್ನ ಬಂಗುಡೆ ಮೀನಿನ ಸಾರಿನ ಪರಿಮಳ ಮೂಗಿಗೆ ಬಂತು, ಹೊಟ್ಟೆಯಲ್ಲಿ ಮಾತ್ರ ಏನೂ ಅಲುಗಲಿಲ್ಲ. ಸದಾ ಪಕ್ಕದಲ್ಲಿ ಮಾತಾಡುತ್ತಿದ್ದವರು ಯಾರೋ ಥಟ್ಟನೆ ಎದ್ದು ಹೋದ ಹಾಗೆ. ಎಲ್ಲಿಗೆ ಹೋಯಿತು ಈ ಹಸಿವೆ ಎಂದು ಅವನು ಹೊಟ್ಟೆಯನ್ನು ಒತ್ತಿ ಒತ್ತಿ ನೋಡಿಕೊಂಡ.

ಮರುದಿನ ಡೊಂಬಯ್ಯ ಬಂದು ಕೂತೊಡನೆ ಎಲೆಯ ತುದಿಗೆ ದೊಡ್ಡ ಮುದ್ದೆ ಹಸಿರು ಚಟ್ನಿ ಬಿತ್ತು. “ಅನ್ನ ಇನ್ನೂ ಬಸಿಯಲಿಕ್ಕೆ ಉಂಟು. ಅಷ್ಟರಲ್ಲಿ ಇದರ ರುಚಿ ನೋಡು” ಎಂದ ಕಮಲಾಕ್ಷ. ಅನ್ನ ಬೇಕೆಂದೇ ತಡವಾಗಿ ಬಂತು. ಡೊಂಬಯ್ಯ ಮೊದಲ ಸಲ ಬಡಿಸಿದ್ದರಲ್ಲಿ ಅರ್ಧ ಉಂಡ. ಕೈ ನಿಧಾನವಾಯಿತು, ನಿಂತಿತು.

“ಸಾಕು, ಧಣಿ.”

ಬಾಗಿಲಲ್ಲಿ ನಿಂತಿದ್ದ ಜಲಜಾಕ್ಷಿ ಗಂಡನ ಮುಖ ನೋಡಿದಳು. ಗೆದ್ದೆ ಎಂದು ಹಿಗ್ಗಬೇಕಾದ ಕಮಲಾಕ್ಷ ಯಾಕೋ ಇನ್ನೊಂದು ಸೌಟು ಅನ್ನ ಎತ್ತಿದ. ಡೊಂಬಯ್ಯ ಎಲೆಯಲ್ಲಿ ಉಳಿದ ಅನ್ನವನ್ನೇ ನೋಡುತ್ತಿದ್ದ.

“ಈ ಚಟ್ನಿ ಎಂತದ್ದು, ಧಣಿ? ತಿಂದ ಮೇಲೆ ಹೊಟ್ಟೆ ಸುಮ್ಮನಾಯಿತು.”

ಸುಳ್ಳೊಂದು ಸಿದ್ಧವಿತ್ತು; ಆ ಮುಖದ ಎದುರಿಗೆ ಅದು ನಾಲಿಗೆಗೆ ಬರಲಿಲ್ಲ. “ಒಂದು ಗಿಡದ್ದು. ಹಸಿವೆ ಅಡಗಿಸ್ತದೆ” ಎಂದುಬಿಟ್ಟ.

ಡೊಂಬಯ್ಯನಿಗೆ ಸಿಟ್ಟು ಬರಲಿಲ್ಲ. ಅವನ ಕಣ್ಣು ಅರಳಿತು. “ಹಾಗಾದರೆ ಒಂದಿಷ್ಟು ಕಟ್ಟಿ ಕೊಡ್ತೀರಾ? ನನಗಲ್ಲ, ಮಕ್ಕಳಿಗೆ. ನಾನು ಇಲ್ಲಿ ಹೊಟ್ಟೆ ಬಿರಿಯ ಉಂಡು ಹೋಗುವುದೂ ಅದಕ್ಕೇ. ಮನೆಯಲ್ಲಿ ನನ್ನ ಪಾಲಿನ ಗಂಜಿ ಅವರಿಗೆ ಬಿಡಬಹುದು ಅಂತ. ಆದರೂ ಸಾಕಾಗುವುದಿಲ್ಲ, ಅಳ್ತಾವೆ.”

ಜಲಜಾಕ್ಷಿ ಚಟ್ನಿಯ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದಳು. ಮನೆಯವರಿಗೆಂದು ತೆಗೆದಿಟ್ಟ ಅನ್ನವನ್ನೆಲ್ಲ ದೊಡ್ಡ ಬಾಳೆಲೆಗೆ ಸುರಿದು, ಕಟ್ಟಿ, ತಂದು ಡೊಂಬಯ್ಯನ ಕೈಯಲ್ಲಿಟ್ಟಳು.

ಅವನು ಬಿಸಿ ಕಟ್ಟನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಇಳಿದ. ಅಲ್ಲಿಂದ ತಿರುಗಿ, ಸಂಕೋಚಪಡುತ್ತ ಹೇಳಿದ:

“ಇವತ್ತಿಗೆ ಆಯಿತು, ಅಕ್ಕ. ಆ ಚಟ್ನಿ ಕೊಟ್ಟಿದ್ದರೆ ನಾಳೆಗೂ ಆಗ್ತಿತ್ತು.”