ಇಪ್ಪತ್ತೆರಡು ಬೇವಿನ ಸಸಿಗಳು

ಏಳನೆಯ ಸಸಿಯ ಎಲೆಗಳೂ ಹಳದಿಗೆ ತಿರುಗಿದ ದಿನ ಬಾಲಪ್ಪನಿಗೆ ಖಾತ್ರಿಯಾಯಿತು. ಯಾರೋ ಬೇಕೆಂದೇ ಕೊಲ್ಲುತ್ತಿದ್ದಾರೆ.

ಸಿಂಧನೂರಿನ ಕಾಲುವೆ ಪಕ್ಕದ ಹೊಸ ಓಣಿಗೆ ಸರ್ಕಾರ ಇಪ್ಪತ್ತೆರಡು ಬೇವಿನ ಸಸಿಗಳನ್ನು ಪುಕ್ಕಟೆ ಕೊಟ್ಟಿತ್ತು. ಬೇಕೆಂದ ಮನೆಗೊಂದು. ನೆಟ್ಟವನು ಬಾಲಪ್ಪ, ಕಾಯಬೇಕಾದವನೂ ಅವನೇ. ಅವನದು ಮೂರು ತಿಂಗಳ ಹಂಗಾಮಿ ಕೆಲಸ. ರಾಯಚೂರಿನಿಂದ ಸಾಹೇಬರು ಬಂದು ನೋಡುವ ದಿನ ಸಸಿಗಳು ಹಸಿರಾಗಿದ್ದರೆ ಮಾಲಿಯ ಕೆಲಸ ಕಾಯಂ. ಇಲ್ಲದಿದ್ದರೆ ಹೆಂಡತಿ ಮಕ್ಕಳೊಂದಿಗೆ ಮತ್ತೆ ತುರ್ವಿಹಾಳದ ಕೂಲಿ.

ಅವನು ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಎರೆ ಮಣ್ಣಿನಲ್ಲಿ ಮೊಣಕಾಲುದ್ದ ಗುಂಡಿ ತೋಡಿದ್ದ. ಸುತ್ತ ಕಟ್ಟೆ ಕಟ್ಟಿ ಪಾತಿ ಮಾಡಿದ್ದ. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ಎಂದು ಮನೆಮನೆಗೂ ಹೇಳಿದ್ದ. ಹೆಂಗಸರು ತಪ್ಪಿಸುತ್ತಿರಲಿಲ್ಲ. ಬಾವಿಯ ಬಳಿ ಸರದಿ ನಿಂತು ಬೆಳೆದವರು. ಕಾಲುವೆ ನೀರು ಕಂಡರೆ ಕೈ ತಡೆಯುತ್ತಿರಲಿಲ್ಲ.

"ನಾ ನಾಕು ಕೊಡ ಹಾಕೀನಿ ನೋಡಪ್ಪ" ಎಂದಳು ಸಕೀನಾಬೀ, ತನ್ನ ಸಸಿ ಬಾಡಿದ ದಿನ. "ನಮ್ಮನಿಯವ್ರಿಗೂ ಇಷ್ಟು ಚಾಕರಿ ಮಾಡಿಲ್ಲ. ಯಾರದೋ ಕಣ್ಣು ಬಿದ್ದೈತಿ."

ಎದುರು ಮನೆಯತ್ತ ನೋಡಿದಳು, ಅಷ್ಟೆ.

ಎದುರು ಮನೆ ಗ್ಯಾನಮ್ಮನದು. ಓಣಿಯಲ್ಲಿ ಸಸಿ ಬೇಡವೆಂದವಳು ಅವಳೊಬ್ಬಳೇ. ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸಿ ಮಾರಿ ಬದುಕುವವಳು. ನೆರಳು ಬಿದ್ದರೆ ಹೊಟ್ಟೆಗೆ ಪೆಟ್ಟು. ದಢೇಸುಗೂರಿನಲ್ಲಿದ್ದ ಅವಳ ಎರಡೆಕರೆ ಜೋಳದ ಹೊಲ, ಕಾಲುವೆ ಬಂದ ಮೂರೇ ವರ್ಷದಲ್ಲಿ ಹಾಳಾಗಿತ್ತು. ಅಂದಿನಿಂದ ಸರ್ಕಾರ ಕೊಟ್ಟದ್ದೇನನ್ನೂ ಅವಳು ಮುಟ್ಟುತ್ತಿರಲಿಲ್ಲ.

ಬಾಲಪ್ಪ ಮಧ್ಯಾಹ್ನ ಕಾದು ಕುಳಿತ. ಓಣಿ ಉಂಡು ಮಲಗುವ ಹೊತ್ತು. ಮೂರನೆಯ ದಿನ ಅವಳು ಬಂದಳು. ಸೆರಗಿನೊಳಗಿಂದ ಕಳೆ ಕೀಳುವ ಖುರ್ಪಿ ತೆಗೆದು, ಅತ್ತಿತ್ತ ನೋಡಿ, ಸಕೀನಾಬೀಯ ಸಸಿಯ ಕಟ್ಟೆ ಒಡೆದಳು. ಪಾತಿಯ ನೀರೆಲ್ಲ ಚರಂಡಿಗೆ ಹರಿಯಿತು. ಆಮೇಲೆ ಬುಡಕ್ಕೇ ಖುರ್ಪಿ ಹಾಕಿದಳು.

"ಸಿಕ್ಕಿಬಿದ್ದಿ ನೋಡು ಮುದುಕಿ!" ಬಾಲಪ್ಪ ಖುರ್ಪಿ ಕಸಿದುಕೊಂಡ. "ನನ್ನ ಬಾಯಿಗೆ ಮಣ್ಣು ಹಾಕಾಕತ್ತೀಯಲ್ಲಬೇ!"

ಅವಳು ಹೆದರಲಿಲ್ಲ. "ಲೇ ತಮ್ಮಾ, ನಿನ್ನ ಕೈಯಾಗ ಇವು ಒಂದೂ ಉಳಿಯಂಗಿಲ್ಲ."

"ಶಾಪ ಬ್ಯಾರೆ ಹಾಕ್ತಿ?"

"ಶಾಪ ಅಲ್ಲೋ. ನನ್ನ ಹೊಲ ಹೋಗಿದ್ದು ಕಣ್ಣಾರೆ ಕಂಡೀನಿ."

"ನಿನ್ನ ಹೊಲ ಹೋತಂತ ಊರ ಗಿಡ ಕೊಲ್ತಿಯೇನು?"

ಅಷ್ಟರಲ್ಲಿ ಬಾಗಿಲುಗಳು ತೆರೆದುಕೊಂಡವು. ಗ್ಯಾನಮ್ಮ ಇನ್ನೇನೋ ಹೇಳಲು ಹೋದಳು. ಬೈಗುಳದಲ್ಲಿ ಯಾರಿಗೂ ಕೇಳಿಸಲಿಲ್ಲ.

"ಇನ್ನೊಮ್ಮೆ ನಮ್ಮ ಬಾಗಲಿಗೆ ಬಂದ್ರ ನಿನ್ನ ಮೆಣಸಿನಕಾಯಿ ನಿನ್ನ ಕಣ್ಣಿಗೇ ಅರೀತೀನಿ" ಎಂದಳು ಸಕೀನಾಬೀ.

ಬಾಲಪ್ಪ ಒಡೆದ ಕಟ್ಟೆಗಳನ್ನು ಹುಡುಕಿದ. ಒಂಬತ್ತು ಇದ್ದವು. ಎಲ್ಲವನ್ನೂ ಮತ್ತೆ ಕಟ್ಟಿ ಗಟ್ಟಿಯಾಗಿ ತುಳಿದ. ಸಾಹೇಬರು ಬರಲು ಇನ್ನು ಹನ್ನೆರಡೇ ದಿನ. ಹರಿದುಹೋದ ನೀರನ್ನು ತುಂಬಿಕೊಡಬೇಕೆಂದು ಮನೆಮನೆಗೆ ಹೇಳಿ, ತಾನೂ ಹೆಗಲ ಮೇಲೆ ಕೊಡ ಹೊತ್ತ. ಗ್ಯಾನಮ್ಮ ಹೊಸ್ತಿಲು ದಾಟದಂತೆ ಓಣಿಯೇ ಕಾವಲು ನಿಂತಿತು.

ಆದರೂ ಎಲೆಗಳು ಉದುರಿದವು. ಒಳಗೆ ಕೂತೇ ಮಾಟ ಮಾಡ್ಯಾಳ ಎಂದು ಜನ ಮಾತಾಡಿಕೊಂಡರು. ಬಾಲಪ್ಪ ಸಂಜೆಗೆ ಇನ್ನೊಂದು ಕೊಡ ಹೆಚ್ಚಿಸಿದ.

ಜೀಪು ಬಂದ ದಿನ ಇಪ್ಪತ್ತೆರಡು ಬೋಳು ಕಡ್ಡಿಗಳು ಸಾಲಾಗಿ ನಿಂತಿದ್ದವು.

"ನನ್ನ ತಪ್ಪಿಲ್ರೀ ಸಾಹೇಬ್ರ" ಬಾಲಪ್ಪ ಕೈ ಮುಗಿದ. ಮುಚ್ಚಿದ ಬಾಗಿಲೊಂದನ್ನು ತೋರಿಸಿದ. "ಕೊಂದಾಕಿ ಆ ಮನ್ಯಾಗ ಅದಾಳ. ಕೇಳ್ರಿ, ಇಡೀ ಓಣಿ ಸಾಕ್ಷಿ ಐತಿ."

ಸಾಹೇಬರು ಆ ಕಡೆ ನೋಡಲಿಲ್ಲ. ಬಗ್ಗಿ ಒಂದು ಸಸಿಯನ್ನು ಎಳೆದರು. ಎರಡು ಬೆರಳಿಗೇ ಕಿತ್ತು ಬಂತು. ಬೇರು ಕಪ್ಪಗೆ, ಲೋಳೆಲೋಳೆಯಾಗಿ ನಾರುತ್ತಿತ್ತು. ಕಿತ್ತ ಜಾಗದಲ್ಲಿ ನೀರು ಒಸರಿ ತುಂಬಿಕೊಂಡಿತು.

"ಇವು ಒಣಗಿ ಸತ್ತಿಲ್ಲಪ್ಪ" ಎಂದರು ಸಾಹೇಬರು. "ಮುಳುಗಿ ಸತ್ತಿವೆ."